ಎರಿವೊಲ್ ಎಂಬ ದಂಡೆ

ಡಾಕ್ಟರ್ ಮಲ್ಲಪ್ಪನವರು ಗ್ರೂನಸೆ ದ್ವೀಪದ ದಂಡೆಯಲ್ಲಿ ನಿಂತು ಒಮ್ಮೆ ಗಂಟಲು ಸರಿಮಾಡಿಕೊಂಡರೆ ಸಾಕು, ಅಟ್ಲಾಂಟಿಕ್ ಸಮುದ್ರ ನಾಲ್ಕು ಮಾರು ಹಿಂದೆ ಸರಿದು ಕೈಕಟ್ಟಿ ನಿಲ್ಲುತ್ತಿತ್ತು. ನೀರೊಳಗೆ ಅಡಗಿದ್ದ ಬಂಡೆಗಳೆಲ್ಲ ತಲೆಯೆತ್ತಿ, ಕನ್ನಡ ಸಾಲೆಯ ಹುಡುಗರಂತೆ ತಮ್ಮ ತಮ್ಮ ಹೆಸರು ಕೂಗಿ ಹಾಜರಿ ಹೇಳುತ್ತಿದ್ದವು. ಒಂದು ಬಂಡೆಗೆ ಮಾತ್ರ ತನ್ನ ಹೆಸರೇ ಮರೆತುಹೋಗಿತ್ತಂತೆ. ಡಾಕ್ಟರು ಅದರ ನಾಡಿ ಹಿಡಿದು, ಎರಡು ಮಾತ್ರೆ ಕೊಟ್ಟು, ನೆನಪು ಬರಿಸಿದರು. ನಂಬದವರು ಸ್ಯಾನ್ ಮಟಿಯೋದ ಪಾರ್ಕಿಗೆ ಬಂದು ಡಾಕ್ಟರನ್ನೇ ಕೇಳಬಹುದು. ಕೇಳಿದವರಿಗೆ ಅವರು ಎರಡಲ್ಲ, ಮೂರು ಮಾತ್ರೆ ಎನ್ನುತ್ತಾರೆ.

ಮಾತ್ರೆಯ ವಿಷಯ ಬಿಡಿ, ದ್ವೀಪದ ವಿಷಯ ನಿಜ. ಧಾರವಾಡದ ಹತ್ತಿರದ ಹಳ್ಳಿಯ ಈ ಮಲ್ಲಪ್ಪ ಡಾಕ್ಟರಿಕೆ ಓದಿ ಬ್ರಿಟನ್ನಿಗೆ ಹೋಗಿ, ಅಲ್ಲಿಯ ಡಾಕ್ಟರುಗಳು ಯಾರೂ ಹೋಗಲೊಲ್ಲದ ಸ್ಕಾಟ್ಲೆಂಡಿನ ಒಂದು ಗೇಣುದ್ದದ ದ್ವೀಪದಲ್ಲಿ ಹತ್ತು ವರ್ಷದ ಮೇಲೆ ಇದ್ದರು. ಆಗ ಅಲ್ಲಿ ರಸ್ತೆ ಅರ್ಧಕ್ಕೇ ನಿಂತುಬಿಡುತ್ತಿತ್ತು. ಆಚೆಯ ಮನೆಗಳಲ್ಲಿ ಯಾರಿಗೆ ಜ್ವರ ಬಂದರೂ, ಯಾರಿಗೆ ಹೆರಿಗೆ ನೋವು ಬಂದರೂ ರೋರಿ ಎಂಬ ಅಂಬಿಗನ ದೋಣಿಯಲ್ಲೇ ಹೋಗಬೇಕು. ರೋರಿಯ ಮಾತು ಗೇಲಿಕ್, ಆ ದ್ವೀಪದವರ ಹಳೆಯ ಭಾಷೆ. ದೋಣಿ ಒಡೆಯದೆ ದಡ ಸೇರಬೇಕಾದರೆ ಅವನಿಗೆ ಪ್ರತಿ ಬಂಡೆಯ, ಪ್ರತಿ ಕೊರಕಲಿನ ಹೆಸರು ಬಾಯಲ್ಲಿರಬೇಕಿತ್ತು. ಆ ಹೆಸರುಗಳಲ್ಲಿ ಕೆಲವು, ಸಾವಿರ ವರ್ಷದ ಹಿಂದೆ ಉತ್ತರದ ಕಡಲಿನಿಂದ ಹಡಗೇರಿ ಬಂದ ನಾರ್ಸರು ಇಟ್ಟವು. ಮಿಕ್ಕವು ಅವರ ತರುವಾಯ ಗೇಲಿಕ್ ಜನ ಇಟ್ಟವು. ಎಷ್ಟೋ ಕಡೆ ಎರಡೂ ಕಲಸಿಹೋಗಿ ಮೂರನೆಯದೇ ಒಂದಾಗಿತ್ತು. ನಕಾಶೆಯಲ್ಲಿ ಇವು ಸಿಗುವುದಿಲ್ಲ. ಅಂಬಿಗರ ಬಾಯಲ್ಲಿದ್ದವು, ಅಂಬಿಗರ ಜೊತೆ ಹೋದವು. ರೋರಿ ಸತ್ತ, ಅವನ ಮಕ್ಕಳು ದೋಣಿಯನ್ನೇ ಮುಟ್ಟದೆ ಗ್ಲಾಸ್ಗೋ ಸೇರಿದರು. ಡಾಕ್ಟರು ಹೆಂಡತಿ ಸತ್ಯವತಿಯನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಬಂದರು. ಹೀಗಾಗಿ ಗ್ರೂನಸೆಯ ದಂಡೆಯನ್ನು ದೋಣಿಯಲ್ಲಿ ಸುತ್ತಿ ಹೆಸರು ಕೇಳಿಸಿಕೊಂಡವರಲ್ಲಿ ಜೀವಂತ ಉಳಿದವರು ಭೂಮಂಡಲದಲ್ಲೇ ಒಬ್ಬರು, ಆ ಒಬ್ಬರು ಸ್ಯಾನ್ ಮಟಿಯೋದಲ್ಲಿ ಮಗ ಕೇದಾರನ ಮನೆಯಲ್ಲಿ ಅವಲಕ್ಕಿ ತಿನ್ನುತ್ತ ಕೂತಿದ್ದರು.

ಮೂರು ಲೋಕಕ್ಕೆ ಸಾಕಾಗುವಷ್ಟು ಮಾತಿದ್ದ ಈ ಮನುಷ್ಯನಿಗೆ ಬೇಕಾಗಿದ್ದದ್ದು ಒಂದು ಶನಿವಾರ. ಬರ್ಕ್ಲಿಯಲ್ಲಿ ಭಾಷಾಶಾಸ್ತ್ರ ಮಾಡುತ್ತಿದ್ದ ಮಗಳು ನಿವೇದಿತಾ ಸೇತುವೆ ದಾಟಿ ಮನೆಗೆ ಬರುವ ಶನಿವಾರ. ತಾಯಿ ತೀರಿಕೊಂಡ ಮೇಲೆ ಅವಳು ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಅದಕ್ಕೆ ಕಾರಣವಿತ್ತು. ಸತ್ಯವತಿ ಆಸ್ಪತ್ರೆ ಸೇರಿದಾಗ ನಿವೇದಿತಾ ಕೆಲಸದ ಮೇಲೆ ಸ್ಕಾಟ್ಲೆಂಡಿಗೆ ಹೋಗಿದ್ದಳು. ಫೋನು ಮಾಡಿ, "ಅಪ್ಪಾ, ಅವ್ವ ಹೆಂಗಿದ್ದಾಳ? ನಾ ಈಗ ಬರಲೇನು?" ಎಂದು ಕೇಳಿದಳು.

"ನಿಮ್ಮವ್ವೇನ? ಹುಲಿ ಇದ್ಹಾಂಗ ಇದ್ದಾಳ! ಈಗಷ್ಟ ಎರಡು ಹೋಳಿಗಿ ತಿಂದು, ನರ್ಸಿಗೆ ತುಪ್ಪ ಕಡಿಮಿ ಅಂತ ಬೈದು ಮಲಗ್ಯಾಳ. ನೀ ಕೆಲಸ ಮುಗಿಸಿಕೊಂಡು ಸಾವಕಾಶ ಬಾ."

ಹಾಗೆಂದಾಗ ಸತ್ಯವತಿಯ ಮೂಗಿಗೆ ಆಮ್ಲಜನಕದ ನಳಿಗೆ ಇತ್ತು. ಆ ಉಸಿರು ಎಲ್ಲಿಗೆ ಬಂದು ಮುಟ್ಟಿದೆ ಎಂದು ಡಾಕ್ಟರಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಹೋಳಿಗೆ ಎಂದಿತು. ನಿವೇದಿತಾ ವಿಮಾನ ಇಳಿದು ನೇರವಾಗಿ ಚಿತಾಗಾರಕ್ಕೆ ಬಂದಳು. ಎಲ್ಲ ಮುಗಿದ ಮೇಲೆ, ಕಾರಿನ ಬಾಗಿಲು ಹಿಡಿದುಕೊಂಡು, ಅಳದೆ ಹೇಳಿದಳು: "ಇನ್ನ ಮ್ಯಾಲೆ ನೀ ಬೆಳಗಾಗೇದ ಅಂದ್ರೂ ನಾ ಕಿಟಕಿ ತಗದು ನೋಡ್ತೀನಿ."

ಅಂಥವಳು ಮೂರು ವರ್ಷದ ಮೇಲೆ ಒಂದು ಶನಿವಾರ ಬಂದಳು. ಹೆಗಲಲ್ಲಿ ಲ್ಯಾಪ್‌ಟಾಪು, ಕೈಯಲ್ಲಿ ಬೆರಳುದ್ದದ ರೆಕಾರ್ಡರು. ಗ್ರೂನಸೆಯಲ್ಲಿ ಈಗ ಉಳಿದಿರುವ ಹತ್ತಾರು ಮನೆಯವರು ಸಂಘ ಕಟ್ಟಿಕೊಂಡು ದಂಡೆಯ ಹಳೆಯ ಹೆಸರುಗಳ ನಕಾಶೆ ಮಾಡಿಸುತ್ತಿದ್ದರು. ಆ ಕೆಲಸ ನಿವೇದಿತಾಳ ಪಾಲಿಗೆ ಬಂದಿತ್ತು. ಅವಳು ಹುಟ್ಟಿದ್ದೂ ಅಲ್ಲೇ. ಬಂದವಳು ತಂದೆಯ ಎದುರಿಗೆ ಕುಳಿತು, ಬ್ಯಾಂಕಿನವರು ಮಾತಾಡುವ ಹಾಗೆ ಮಾತಾಡಿದಳು.

"ಅಪ್ಪಾ, ರೂಲ್ಸು ಹೇಳಿಬಿಡ್ತೀನಿ. ನಾ ಫೋಟೋದಾಗ ಬಂಡೆ ತೋರಿಸ್ತೀನಿ, ನೀ ಹೆಸರು ಹೇಳು. ಯಾರು ಹೇಳಿದ್ರು, ಎಲ್ಲಿ ಹೇಳಿದ್ರು. ಅಷ್ಟ. ಕಥಿ ಬ್ಯಾಡ."

"ಕಥಿ ಇಲ್ಲದ ಹೆಸರು ಉಪ್ಪಿಲ್ಲದ ಸಾರು ಆಕ್ಕೈತಿ ನಿವೀ."

"ನನಗ ಸಪ್ಪನ್ ಸಾರ ಬೇಕು."

"ಆತು. ಇದು ಸ್ಕೆರ್ ಡೂ. ಹಂಗಂದ್ರ ಕರೀಕಲ್ಲು. ರೋರಿ ಹೇಳಿದ್ದು. ಇದರ ಮ್ಯಾಲೆ ಒಂದು ಸೀಲ್ ಪ್ರಾಣಿ ಕುಂತಿರ್ತಿತ್ತು, ಎಮ್ಮಿಯಷ್ಟು..."

"ಅಪ್ಪಾ."

"ಆಕಳಷ್ಟು."

"ಅಪ್ಪಾ!"

"ಸೀಲ್ ಇರಲಿಲ್ಲ ಬಿಡು."

ನಿವೇದಿತಾ ನಗಲಿಲ್ಲ. ಆದರೆ ಆಮೇಲಿನ ಶನಿವಾರ ಬಂದಾಗ ಅವಳ ಮುಖ ಬೇರೆಯಾಗಿತ್ತು. ಯಾವುದೋ ಹಳೆಯ ಸಂಗ್ರಹದಲ್ಲಿ, ಡಾಕ್ಟರು ಆ ದ್ವೀಪಕ್ಕೆ ಕಾಲಿಡುವ ಮುಂಚೆಯೇ ಯಾರೋ ಮಾಡಿಟ್ಟಿದ್ದ ಧ್ವನಿಮುದ್ರಣವೊಂದು ಅವಳಿಗೆ ಸಿಕ್ಕಿತ್ತು. ಅದರಲ್ಲಿ ಸ್ಕೆರ್ ಡೂ ಇತ್ತು. ಮುದುಕಿಯ ಕೊರಕಲು ಎಂಬರ್ಥದ ಗ್ಯೋ ನ ಕಾಲಿಚ್ ಇತ್ತು. ಅಪ್ಪ ಹೇಳಿದ ಹೆಸರುಗಳು ಅಪ್ಪ ಹೇಳಿದ ಜಾಗದಲ್ಲೇ ಇದ್ದವು.

"ಎಕ್ಸಾಕ್ಟ್ ಅದಾವ ಅಪ್ಪಾ. ನೀ ಹೇಳಿದ್ದು ಖರೆ."

ಆ ಮಾತು ಕೇಳಿ ಡಾಕ್ಟರು ಕುರ್ಚಿಯಿಂದ ಒಂದು ಮೊಳ ಮೇಲಕ್ಕೆ ತೇಲಿದರು. ಬಿಳಿಯರ ರಾಣಿ ಖುದ್ದಾಗಿ ಬಂದು ಕೊರಳಿಗೆ ಪದಕ ಹಾಕಿದ್ದರೂ (ಹಾಕಿದ್ದಾಳೆಂದೇ ಪಾರ್ಕಿನಲ್ಲಿ ಹೇಳುತ್ತಿದ್ದರು) ಅಷ್ಟು ಸಂತೋಷವಾಗುತ್ತಿರಲಿಲ್ಲ. ಮಗಳು ಕಿಟಕಿ ತೆಗೆದು ನೋಡಿ, ಬೆಳಗಾಗಿದೆ ಎಂದು ಒಪ್ಪಿಕೊಂಡಿದ್ದಳು.

ಆ ಚಳಿಗಾಲವೆಲ್ಲ ಶನಿವಾರಗಳು ಬಂದವು. ರೋರಿ ಹೇಳಿಕೊಟ್ಟದ್ದು ಒಂದೊಂದಾಗಿ ಹೊರಬಿತ್ತು. ಹಳೆಯ ಧ್ವನಿಮುದ್ರಣದಲ್ಲಿ ಇಲ್ಲದ ಎಷ್ಟೋ ಹೆಸರುಗಳು, ಲೋಕದಲ್ಲಿ ಬೇರೆ ಯಾರ ಬಾಯಲ್ಲೂ ಇಲ್ಲದವು, ಡಾಕ್ಟರ ಬಾಯಿಂದ ರೆಕಾರ್ಡರಿಗೆ ಇಳಿದವು. ನಿವೇದಿತಾ ಊಟಕ್ಕೆ ನಿಲ್ಲತೊಡಗಿದಳು. ಒಂದು ದಿನ ತಂದೆಯ ಉಗುರು ಬೆಳೆದಿರುವುದನ್ನು ನೋಡಿ, ಮಾತಾಡುತ್ತಲೇ ಕತ್ತರಿಸಿದಳು. ಇನ್ನೊಂದು ದಿನ ಸೋಫಾದ ಮೇಲೆ ಹಾಗೇ ನಿದ್ದೆ ಹೋದಳು. ಅವಳು ಏಳುವವರೆಗೆ ಡಾಕ್ಟರು ಒಂದು ಮಾತೂ ಆಡಲಿಲ್ಲ. ಅವರ ಜನ್ಮದಲ್ಲಿ ಇದಕ್ಕಿಂತ ದೊಡ್ಡ ಸಾಹಸ ಇನ್ನೊಂದಿಲ್ಲ.

ಆದರೆ ಹೆಸರುಗಳು ತೀರುತ್ತ ಬಂದವು. ಇದನ್ನು ಅವರು ಹೇಳಿಕೊಂಡದ್ದು ಪಾರ್ಕಿನ ಬೆಂಚಿನ ಗೆಳೆಯ, ಮಂಡ್ಯದ ಜಯರಾಮರಿಗೆ ಮಾತ್ರ. ತಲೆಯ ಮೇಲೆ ವಿಮಾನ ಸದ್ದು ಮಾಡುತ್ತ ಇಳಿದು ಹೋಗುವವರೆಗೆ ಇಬ್ಬರೂ ಸುಮ್ಮನಿರುತ್ತಿದ್ದರು, ಆಮೇಲೆ ಮಾತು.

"ಏನ್ ಡಾಕ್ಟ್ರೇ, ಈ ಶನ್ವಾರ ಎಷ್ಟ್ ಬಂಡೆ ಹೆತ್ತ್ರಿ?" ಎಂದು ಜಯರಾಮರು ಕೆಣಕಿದರು.

"ಇನ್ನ ನಾಲ್ಕೈದು ಉಳದಾವ ನೋಡ್ರಿ. ಆಮ್ಯಾಲೆ ಖಾಲಿ."

"ಖಾಲಿ ಅಂದ್ಬುಡಿ, ಅದ್ಕೇನು! ಹೆಸ್ರು ಅನ್ನೋದು ಬಾವಿ ಊಟೆನೇ, ತಿರ್ಗಾ ಜಿನುಗಕ್ಕೆ?"

"ಖಾಲಿ ಅಂದ್ರ ಬರೂದಿಲ್ರಿ ಆಕಿ."

"ಅಯ್ಯೋ, ಮಗಳು ಕಣ್ರೀ! ಬರ್ದೇ ಎಲ್ಲೋಯ್ತಾಳೆ?"

"ಬರಾಕತ್ತಿದ್ದು ಮಗಳಲ್ಲ ಜಯರಾಮ್. ರಿಸರ್ಚ್ ಬರ್ತೈತಿ. ಅದರ ಬೆನ್ನಿಗೆ ಮಗಳು ಬರ್ತಾಳ."

ಇನ್ನೊಂದು ವಿಮಾನ ಇಳಿಯಿತು.

ಮಾರ್ಚ್ ತಿಂಗಳ ಒಂದು ಶನಿವಾರ ಆ ದಿನ ಬಂತು. ಹೊರಗೆ ಮಳೆ. ನಿವೇದಿತಾ ದ್ವೀಪದ ದಕ್ಷಿಣ ದಂಡೆಯ ಫೋಟೋ ತೆರೆದಿದ್ದಳು. ಬೂದು ನೀರು, ಸಣ್ಣ ಕಲ್ಲಿನ ಗರಸಿನ ದಡ, ಹಿಂದೆ ಒಂದು ತುಂಡು ಹಸಿರು ಬಯಲು. ಡಾಕ್ಟರು ನೋಡಿದರು. ಆ ಕಡೆಯಲ್ಲಿ ಮನೆಗಳಿರಲಿಲ್ಲ, ರೋಗಿಗಳಿರಲಿಲ್ಲ, ರೋರಿಯ ದೋಣಿ ಅತ್ತ ಹೋದದ್ದೇ ಇಲ್ಲ.

"ಇದಕ್ಕ ಏನೂ ಇಲ್ಲೇನು?" ನಿವೇದಿತಾ ಕಾದಳು. ಆಮೇಲೆ ಲ್ಯಾಪ್‌ಟಾಪು ಮುಚ್ಚಿ, ಎದ್ದು, ಮಳೆ ಕೋಟಿಗೆ ಕೈ ಹಾಕಿದಳು. "ಹಂಗಾರ ಇಷ್ಟ ಅಪ್ಪಾ. ಮುಗೀತು. ಥ್ಯಾಂಕ್ಸ್. ಏನರ ಇದ್ರ ಮೇಲ್ ಮಾಡ್ತೀನಿ."

ಮೇಲ್! ಒಂದು ತೋಳು ಕೋಟಿನೊಳಗೆ ಹೋಗಿತ್ತು. ಎರಡನೆಯದೂ ಹೋದರೆ ಬಾಗಿಲು, ಬಾಗಿಲಾಚೆ ಫ್ರೀವೇ, ಫ್ರೀವೇಯಾಚೆ ಬರ್ಕ್ಲಿ, ಅದು ಗ್ರೂನಸೆಗಿಂತ ದೂರ. ಡಾಕ್ಟರು ಹಂಚಿಕೆ ಹಾಕಿ ಸುಳ್ಳು ಹೇಳಿದರು ಎನ್ನುವವರ ಬಾಯಿಗೆ ಅವರದೇ ಮಾತ್ರೆ ಬೀಳಲಿ. ನಾಲಿಗೆ ತಾನೇ ತಡಕಾಡಿತು. ಗೇಲಿಕ್ ಸಿಗಲಿಲ್ಲ. ಅದರ ಕೆಳಗೆ, ಅರವತ್ತು ವರ್ಷ ಯಾರೂ ಮುಟ್ಟದ ಜಾಗದಲ್ಲಿ ಏನಿತ್ತೋ ಅದು ಕೈಗೆ ಬಂತು. ಹಳ್ಳದ ಪಕ್ಕದ ಅಪ್ಪನ ಕರಿಮಣ್ಣಿನ ಹೊಲ, ಮನೆಮಂದಿಯೆಲ್ಲ ಯರಿಹೊಲ ಎನ್ನುತ್ತಿದ್ದದ್ದು. ತುಟಿ ದಾಟುವಾಗ ಅದು ಸ್ವಲ್ಪ ಸ್ಕಾಟ್ಲೆಂಡಿನ ಗಾಳಿ ಕುಡಿಯಿತು.

"ಎರಿವೊಲ್," ಎಂದರು.

ಕೋಟು ಅಲ್ಲೇ ನಿಂತಿತು. "ಏನಂದಿ?"

"ಎರಿವೊಲ್. ಆ ಬಯಲಿಗೆ."

"ಯಾರು ಹೇಳಿದ್ರು?"

"ರೋರಿ."

"ಎಲ್ಲಿ?"

"ದೋಣಿಯಾಗ."

"ಕಥಿ?"

"ಕಥಿ ಏನಿಲ್ಲ."

ಅಪ್ಪ ಕಥೆಯಿಲ್ಲದೆ ಹೇಳಿದ ಮೊದಲ ಹೆಸರು ಅದು. ನಿವೇದಿತಾ ನಂಬಿದ್ದೂ ಅದಕ್ಕೇ. ಕೋಟು ತೆಗೆದು ಕುರ್ಚಿಗೆ ಎಸೆದು ಕುಳಿತಳು. ಕಣ್ಣು ಮಿನುಗುತ್ತಿತ್ತು.

"ಅಪ್ಪಾ, ನಿನಗ ಗೊತ್ತಿಲ್ಲ ಇದೇನಂತ! ಎರ್ ಅಂದ್ರ ನಾರ್ಸ್‌ನಾಗ ಗರಸಿನ ದಂಡಿ. ಫೋಟೋದಾಗ ಗರಸು ನೋಡು. ವೊಲ್ ಅಂದ್ರ ಹೊಲ."

"ಹೊಲ?" ಕುಡಿಯುತ್ತಿದ್ದ ನೀರು ಡಾಕ್ಟರ ನೆತ್ತಿಗೇರಿತು.

"ಹೌದು, ಹೊಲ. ಫೀಲ್ಡ್. ನಾರ್ಸರು ಸುಮ್ಮನ ಹಡಗು ನಿಲ್ಲಿಸಿ ಹೋಗಲಿಲ್ಲ, ಅಲ್ಲಿ ಉತ್ತು ಬಿತ್ತಿ ಮಾಡ್ಯಾರ ಅಂತ ಆತು. ಇಡೀ ದ್ವೀಪದಾಗ ಇಂಥಾ ಹೆಸರು ಇನ್ನೊಂದಿಲ್ಲ!"

ಸಾವಿರ ವರ್ಷದ ಹಿಂದೆ ಸತ್ತ ನಾರ್ಸರು ಕತ್ತಿ ಗುರಾಣಿ ಸಮೇತ ಗೋರಿಯಿಂದೆದ್ದು ಬಂದು ತಮ್ಮ ಪರವಾಗಿ ಸಾಕ್ಷಿ ಹೇಳುತ್ತಿದ್ದಾರೆಂದು ಡಾಕ್ಟರಿಗೆ ಅನಿಸಿತು. ಇಷ್ಟು ಒಳ್ಳೆಯ ಸಾಕ್ಷಿ ಸಿಕ್ಕ ಸುಳ್ಳುಗಾರ ಜಗತ್ತಿನಲ್ಲಿ ಇನ್ನೊಬ್ಬ ಹುಟ್ಟಿಲ್ಲ.

ಅಲ್ಲಿಂದ ಮುಂದೆ ತಡೆಯುವವರಿರಲಿಲ್ಲ. ಆಡು ಮೇಯುತ್ತಿದ್ದ ಊರ ಮಡ್ಡಿ ಎದ್ದು ಹೋಗಿ ರೂ ನ ಮಡ್ಡಿ ಎಂಬ ಭೂಶಿರವಾಯಿತು, ಗೇಲಿಕ್ಕಿನಲ್ಲಿ ನಾಯಿಗಳ ಭೂಶಿರ ಎಂದು ನಿವೇದಿತಾ ಅರ್ಥ ಬಿಡಿಸಿದಳು. ಹುಣಸಿಕೊಳ್ಳ ಹುನ್ಸಿಕೊಲ್ ಎಂಬ ಗುಡ್ಡದ ನೆತ್ತಿಯಾಯಿತು. ಮೇ ತಿಂಗಳ ಹೊತ್ತಿಗೆ ಧಾರವಾಡ ತಾಲೂಕಿನ ಒಂದು ಹಳ್ಳಿ, ಕೆರೆ ಕಟ್ಟೆ ಹಾದಿ ಹಳ್ಳ ಸಹಿತ, ಅಟ್ಲಾಂಟಿಕ್ಕಿನಲ್ಲಿ ತೇಲುತ್ತಿತ್ತು. ಮಗಳು ಪ್ರತಿ ಶನಿವಾರ ಬರುತ್ತಿದ್ದಳು.

ಜೂನಿನಲ್ಲಿ ಅವಳು ಸುದ್ದಿ ತಂದಳು. ವಿಶ್ವವಿದ್ಯಾಲಯದಲ್ಲಿ ಅವಳ ಉಪನ್ಯಾಸ, ಎರಿವೊಲ್ ಬಗ್ಗೆಯೇ. ಗ್ರೂನಸೆಯ ಜನ ಅಲ್ಲಿಂದ ವಿಡಿಯೋದಲ್ಲಿ ಸೇರಿಕೊಳ್ಳುತ್ತಾರೆ. ಅವರು ಆ ಬಯಲಿನಲ್ಲಿ ಕಲ್ಲು ನೆಟ್ಟು ಹೆಸರು ಕೆತ್ತಿಸುತ್ತಾರಂತೆ.

"ಕಲ್ಲಿನ ಮ್ಯಾಲೆ ಯಾಕ?" ಡಾಕ್ಟರು ಗಾಬರಿಯಾದರು. "ಕಾಗದದ ಮ್ಯಾಲೆ ಇರವಲ್ದ್ಯಾಕ. ಕಲ್ಲೇನು ಅಗತ್ಯ ಇಲ್ಲ."

ನಿವೇದಿತಾ ನಕ್ಕುಬಿಟ್ಟಳು. "ನೀ ನಾಚಗೊಳ್ಳೂದು ನಾ ಇದ ಮೊದಲನೇ ಸಲ ನೋಡಿದ್ದು." ಆಮೇಲೆ, ಮೇಜಿನ ಕಡೆ ನೋಡುತ್ತ, "ಅವ್ವನ ಸಲುವಾಗಿ ನಿನ್ನ ಮ್ಯಾಲೆ ಭಾಳ ಸಿಟ್ಟಿತ್ತು ಅಪ್ಪಾ. ಹೋಗಿಲ್ಲ. ಆದ್ರ ಈಗ ನಿನ್ನ ಮಾತು ಕೇಳಿ ಕಿಟಕಿ ತಗೀಬೇಕು ಅನಸೂದಿಲ್ಲ," ಎಂದಳು.

ಆಗ ಹೇಳಬಹುದಿತ್ತು. ಡಾಕ್ಟರು ಬಾಯಿ ತೆರೆದರು. ಹೊರಬಂದದ್ದು, "ಇನ್ನೊಂದೀಟು ಚಹಾ ಕುಡೀ," ಎಂಬುದಷ್ಟೇ.

ಉಪನ್ಯಾಸದ ಹಿಂದಿನ ಶನಿವಾರ ಕೇದಾರ ಮಾರ್ಗನ್ ಹಿಲ್ಲಿಗೆ ಹೋಗಿ ಸೋದರತ್ತೆ ಕಾಶವ್ವನನ್ನು ಊಟಕ್ಕೆ ಕರೆತಂದ. ಕಾಶವ್ವ ಡಾಕ್ಟರ ಅಕ್ಕ. ಅಲ್ಲಿಯ ತನ್ನ ಮಗನ ಮನೆಗೆಂದು ಧಾರವಾಡದಿಂದ ಆಗತಾನೆ ಬಂದಿದ್ದಳು. ಎಂಬತ್ತೈದು ದಾಟಿದರೂ ಅವಳ ದನಿ ಫ್ರೀವೇಯ ಆಚೆಯವರಿಗೂ ಕೇಳುತ್ತಿತ್ತು. ಜಗತ್ತಿನಲ್ಲಿ ಡಾಕ್ಟರನ್ನು ಮಲ್ಲ್ಯಾ ಎಂದು ಕರೆಯುವವಳು ಅವಳೊಬ್ಬಳೇ.

"ಮಲ್ಲ್ಯಾ, ಎಷ್ಟ ಸೊರಗೀಯೋ! ಇಲ್ಲಿ ರೊಟ್ಟಿ ಸುಡಾವ್ರು ಯಾರೂ ಇಲ್ಲೇನು?"

ರೊಟ್ಟಿ, ಬದನೆಕಾಯಿ, ಶೇಂಗಾ ಹಿಂಡಿ ಮೇಜಿಗೆ ಬಂದವು. ನಿವೇದಿತಾ ಹುರುಪಿನಲ್ಲಿದ್ದಳು. "ಅತ್ತಿ, ನಿಮ್ಮ ತಮ್ಮಗ ಕಲ್ಲ ಕೆತ್ತಾಕತ್ಯಾರ ಸ್ಕಾಟ್ಲೆಂಡಿನ್ಯಾಗ. ಅವನ ದನಿ ಕೇಳ್ತೀರೇನು? ಸೋಮವಾರ ಇದನ್ನ ಎಲ್ಲಾರ ಮುಂದ ಹಚ್ಚಾಕಿ ಇದ್ದೀನಿ."

"ರೊಟ್ಟಿ ಆರ್ತಾವ ನಿವೀ," ಎಂದರು ಡಾಕ್ಟರು. "ಮೊದಲು ಊಟ ಆಗ್ಲಿ. ಅಕ್ಕಗ ಕಿವಿನೂ ಮಂದ ಆಗ್ಯಾವ."

"ನಿನ್ನ ಕಿವಿ ಮಂದ ಆಗ್ಯಾವ! ಹಚ್ಚವಾ ನೀ."

ನಿವೇದಿತಾ ಗುಂಡಿ ಒತ್ತಿದಳು. ಡಾಕ್ಟರ ದನಿಯೇ ಮೇಜಿನ ಮೇಲಿಂದ ಹೇಳಿತು: ಎರಿವೊಲ್.

ಕಾಶವ್ವನ ಕೈಯ ತುತ್ತು ಬಾಯಿಯ ಹತ್ತಿರ ನಿಂತಿತು. "ಯರಿಹೊಲ?"

"ಎರಿವೊಲ್ ಅತ್ತಿ. ಅದು ನಾರ್ಸ್ ಭಾಷಾ, ಸಾವಿರ ವರ್ಷದ್ದು..."

"ಯಾರ ಭಾಷಾರ ಆಗ್ಲಿ ಬಿಡವಾ. ಯರಿಹೊಲ ನಮ್ಮಪ್ಪಂದು. ಹಳ್ಳದ ಬಾಜೂಕ. ಬಿಸಿಲಾಗ ನಾ ಅಲ್ಲಿ ಕಳೆ ತಗೀತಿದ್ದೆ, ಇಂವ ಪುಸ್ತಕ ಮಾರಿ ಮ್ಯಾಲೆ ಹಾಕ್ಕೊಂಡು ಬೇವಿನಗಿಡದ ಬುಡಕ ಗೊರಕಿ ಹೊಡೀತಿದ್ದ. ಅಲ್ಲೋ ಮಲ್ಲ್ಯಾ?"

ನಿವೇದಿತಾ ತಂದೆಯ ಮುಖ ನೋಡಲಿಲ್ಲ. ಪರದೆಯ ಮೇಲೆ ಬೆರಳು ಸರಿಸಿ ಇನ್ನೊಂದು ಒತ್ತಿದಳು. ರೂ ನ ಮಡ್ಡಿ.

"ಮಡ್ಡಿ! ಆಡು ಮೇಸೂ ಮಡ್ಡಿ!" ಕಾಶವ್ವ ಚಪ್ಪಾಳೆ ತಟ್ಟಿದಳು.

ಇನ್ನೊಂದು. ಹುನ್ಸಿಕೊಲ್.

"ಹುಣಸಿಕೊಳ್ಳ. ದೆವ್ವ ಐತಿ ಅಂತ ಇಂವ ಆ ಕಡೆ ಒಬ್ಬನ ಹಾಯ್ತಿರಲಿಲ್ಲ. ಅಯ್ಯ, ಇಡೀ ಊರ ಐತೆಲ್ಲವಾ ಇದರಾಗ!" ನಗುತ್ತ ನಗುತ್ತ ಅವಳು ಎಲ್ಲರ ಮುಖ ನೋಡಿದಳು. ನಗು ನಿಂತಿತು. ಮೆಲ್ಲಗೆ, ನಿಜವಾಗಿಯೂ ನೊಂದು ಕೇಳಿದಳು: "ನಮ್ಮಪ್ಪನ ಹೊಲಾ ಒಯ್ದು ಸಮುದ್ರದಾಗ ಯಾಕ ಮುಳಗಿಸೀದ್ಯೋ?"

ಡಾಕ್ಟರು ಕೊನೆಯ ಸಲ ತಮ್ಮ ಪ್ರತಾಪ ತೋರಿಸಿದರು. "ನಿವೀ, ಇದರಾಗ ಇನ್ನೂ ದೊಡ್ಡ ಸಂಶೋಧನಾ ಐತಿ! ನಾರ್ಸರು ಅರಬ್ಬೀ ಸಮುದ್ರಕ್ಕ ಬಂದು, ಕಾರವಾರದಾಗ ಇಳದು, ಚಕ್ಕಡಿ ಮ್ಯಾಲೆ ಹಡಗ ಹೇರಿಕೊಂಡು ಘಟ್ಟ ಹತ್ತಿ..."

ಯಾರೂ ನಗಲಿಲ್ಲ. ಚಕ್ಕಡಿ ಘಟ್ಟದ ನಡುವೆಯೇ ನಿಂತುಬಿಟ್ಟಿತು. ಕೇದಾರ ಅತ್ತೆಯ ಕೈ ಹಿಡಿದು, ನಿಂಬೆಗಿಡ ತೋರಿಸುತ್ತೇನೆಂದು ಹಿತ್ತಲಿಗೆ ಕರೆದುಕೊಂಡು ಹೋದ.

ನಿವೇದಿತಾ ರೊಟ್ಟಿಯ ತಟ್ಟೆಗಳನ್ನು ಬದಿಗೆ ಸರಿಸಿ, ಲ್ಯಾಪ್‌ಟಾಪು ತೆರೆದು, ರೆಕಾರ್ಡರನ್ನು ನಡುವೆ ಇಟ್ಟಳು.

"ಹೆಸರು ಮುಗದಿದ್ವು ನಿವೀ," ಎಂದರು ಡಾಕ್ಟರು. "ಅವತ್ತು ನೀ ಕೋಟ ಹಾಕ್ಕೊಳ್ಳಾಕತ್ತಿದ್ದಿ. ಮುಗದಾವ ಅಂತ ಹೇಳಿದ್ರ ನೀ ಮತ್ತ ಬರ್ತಿದ್ದೇನು?"

ಅವಳು ಬಾಯಿಗೆ ಬಂದ ಉತ್ತರ ಕೊಡಲಿಲ್ಲ. ಯೋಚಿಸಿದಳು. ಅವಳು ತಾಯಿಯ ಮಗಳು, ಇದ್ದದ್ದನ್ನು ಇದ್ದ ಹಾಗೆ ಹೇಳುವವಳು.

"ಇಲ್ಲ. ಬರ್ತಿರಲಿಲ್ಲ."

ಡಾಕ್ಟರು ತಲೆಯಾಡಿಸಿದರು. ಲೆಕ್ಕ ತಪ್ಪಿರಲಿಲ್ಲ ಎಂಬುದೊಂದೇ ಅವರಿಗೆ ಉಳಿದದ್ದು.

"ನಾ ಸೋಮವಾರದ್ದು ಕ್ಯಾನ್ಸಲ್ ಮಾಡ್ತೀನಿ. ದ್ವೀಪದವರಿಗೂ ಹೇಳಬೇಕು, ಕಲ್ಲು ನೆಡಬ್ಯಾಡ್ರಿ ಅಂತ. ಅದಕ್ಕ ನಿನ್ನ ಬಾಯಿಲೇ ರೆಕಾರ್ಡ್ ಬೇಕು. ಒಂದೊಂದ ಓದ್ತೀನಿ. ಖರೆ, ಇಲ್ಲಾ ಸುಳ್ಳು. ಬ್ಯಾರೆ ಏನೂ ಬ್ಯಾಡ."

ಕೆಂಪು ದೀಪ ಹತ್ತಿತು.

"ಎರಿವೊಲ್."

"ಸುಳ್ಳು."

"ರೂ ನ ಮಡ್ಡಿ."

"ಸುಳ್ಳು."

"ಸ್ಕೆರ್ ಡೂ."

"ಖರೆ. ನಿಮ್ಮವ್ವನ ಆಣಿ ಮಾಡಿ..."

"ಆಣಿ ಬ್ಯಾಡ."

"ಖರೆ."

"ಟ್ರಾಯ್ ವೆಕ್."

"ಖರೆ. ಸಣ್ಣ ಉಸುಕಿನ ದಂಡಿ. ರೋರಿ ಅಲ್ಲೇ ದೋಣಿ ಎಳೀತಿದ್ದ."

ನಿವೇದಿತಾ ಆ ಸಾಲಿನ ಮೇಲೂ ಗೀಟು ಹಾಕಿದ್ದು ಡಾಕ್ಟರಿಗೆ ಕಂಡಿತು.

"ಅದು ಖರೆ ಅಂದ್ನೆಲ್ಲ! ಅದನ್ಯಾಕ ಹೊಡದಿ?"

"ಹಳೇ ರೆಕಾರ್ಡಿಂಗ್‌ನಾಗ ಇದ್ದದ್ದು ಉಳೀತಾವ. ನೀ ಒಬ್ಬನ ಹೇಳಿದ್ದು ಎಲ್ಲಾ ಹೋಗ್ತಾವ."

"ಆದ್ರ ಅದು ಖರೆ ಐತಿ! ರೋರಿ ಹೇಳಿದ್ದು. ಅಂವ ಹೇಳಿದ್ದು ಕೇಳಿದಾವ ಬ್ಯಾರೆ ಯಾರೂ ಇಲ್ಲ ನಿವೀ, ನೀ ತಗದ್ರ ಹೋತಷ್ಟ ಅದು."

"ಖರೆ ಇರಬಹುದು ಅಪ್ಪಾ. ಹೇಳಿದಾಂವ ನೀ."

ಅವಳು ಓದುತ್ತ ಹೋದಳು, ಅವರು ಹೇಳುತ್ತ ಹೋದರು. ಸುಳ್ಳಿಗೂ ಗೀಟು, ನಿಜಕ್ಕೂ ಗೀಟು. ರೋರಿಯ ಕಲ್ಲುಗಳೂ ಅಪ್ಪನ ಹೊಲಗಳೂ ಒಂದೇ ಗೀಟಿನಡಿ ಹೋದವು. ಹಿತ್ತಲಿನಿಂದ ಕಾಶವ್ವನ ದನಿ ಕೇಳುತ್ತಿತ್ತು, ಈ ನಿಂಬಿಕಾಯಿ ಇಷ್ಟ ದೊಡ್ಡು ಹೆಂಗೋ ಕೇದಾರಾ ಅಂತ.

"ಪೋರ್ಟ್ ನ ಮ್ರಾ," ಎಂದಳು ನಿವೇದಿತಾ. ಈ ಹೆಸರನ್ನು ಓದುವ ಮುಂಚೆ ಅವಳು ಸ್ವಲ್ಪ ತಡೆದಿದ್ದಳು.

ಡಾಕ್ಟರ ಮನೆಯ ಕೆಳಗಿದ್ದ ದೋಣಿತಾಣ ಅದು. ಹೆಣ್ಣಿನ ತಾಣ ಎಂದು ಅರ್ಥ. ಹೆಸರು ಚಳಿಗಾಲದಲ್ಲೇ ಬಂದಿತ್ತು, ಅದರ ಕಥೆಯನ್ನು ಅವರು ಏಪ್ರಿಲಿನಲ್ಲಿ ಹೇಳಿದ್ದರು. ಬಿರುಗಾಳಿಯಲ್ಲಿ ದೋಣಿ ತಡವಾದಾಗಲೆಲ್ಲ ಸತ್ಯವತಿ ಕಂದೀಲು ಹಿಡಿದು ಅಲ್ಲಿ ನಿಲ್ಲುತ್ತಿದ್ದಳು, ಆ ಬೆಳಕು ನೋಡಿ ಮೀನುಗಾರರೆಲ್ಲ ದಡ ಸೇರಿದರು, ಇಡೀ ದ್ವೀಪ ಅವಳ ಗೌರವಕ್ಕೆಂದೇ ಆ ತಾಣಕ್ಕೆ ಹೆಸರಿಟ್ಟಿತು. ಕಥೆ ಬೇಡ ಎನ್ನುತ್ತಿದ್ದ ನಿವೇದಿತಾ ಅದೊಂದನ್ನು ಅಳಿಸಿರಲಿಲ್ಲ.

"ಹೆಸರು ಖರೆ," ಎಂದರು ಡಾಕ್ಟರು.

"ಅವ್ವನ ಸಲುವಾಗಿ ಇಟ್ಟದ್ದು?"

ಡಾಕ್ಟರು ರೆಕಾರ್ಡರಿನ ಕೆಂಪು ದೀಪ ನೋಡಿದರು. ಒಂದು ಹುಲಿ, ಒಂದು ಬಿರುಗಾಳಿ, ಯಾವುದಾದರೂ ಬರಲಿ ಎಂದು ಕಾದರು. ಬರಲಿಲ್ಲ.

"ಸುಳ್ಳು. ಅದು ನಾವು ಹೋಗೂಕಿಂತ ಮೊದಲಿಂದು. ಯಾವ ಹೆಂಗಸೋ, ರೋರಿಗೂ ಗೊತ್ತಿರಲಿಲ್ಲ."

"ಕಂದೀಲು?"

"ಇರಲಿಲ್ಲ. ನಿಮ್ಮವ್ವ ಆ ದಂಡಿಗೆ ಒಮ್ಮೆನೂ ಇಳೀಲಿಲ್ಲ. ಸಮುದ್ರ ಅಂದ್ರ ಅಂಜಿಕಿ ಆಕಿಗೆ. ಕಿಟಕಿಗೆ ಕಂಬಳಿ ಹೊಚ್ಚಿ ಒಳಗ ಕುಂದರ್ತಿದ್ಲು. ನಾ ಊರಿಗೆ ಕಾಗದ ಬರೀತಿದ್ದೆ, ಇಲ್ಲಿ ಎಲ್ಲಾರೂ ಇಕೀನ್ನ ತಲೀ ಮ್ಯಾಲೆ ಇಟಗೊಂಡಾರ ಅಂತ. ಅವರು ಡಾಕ್ಟರ ಹೆಂಡತಿ ಅಂತಿದ್ರು. ಅಷ್ಟ. ಇದ್ದಷ್ಟು ದಿನ ಆ ದ್ವೀಪದಾಗ ಆಕೀನ್ನ ಯಾರೂ ಹೆಸರು ಹಿಡದು ಕರೀಲಿಲ್ಲ."

"ನೀ?"

"ನಮ್ಮಾಗ ಹೆಂಡತಿ ಹೆಸರು ಹಿಡದು ಕರಿಯೂದಿಲ್ಲಲ್ಲ. ಏ ಅಂತಿದ್ದೆ. ಇಕಾ, ಕೇಳಿಲ್ಲೆ ಅಂತಿದ್ದೆ. ದವಾಖಾನ್ಯಾಗ ಕಡೀ ದಿನಾನೂ ಹಂಗ ಕರದೆ."

ನಿವೇದಿತಾ ಆ ಕಥೆಯನ್ನು ಅಳಿಸಿದಳು. ಆಮೇಲೆ ಬೆರಳು ಕೆಳಗಿನ ಸಾಲಿಗೆ ಇಳಿಯಿತು.

"ಹುನ್ಸಿಕೊಲ್."

"ಸುಳ್ಳು," ಎಂದರು ಮಲ್ಲಪ್ಪ.